ತುಂಗಕ್ಕನ ಜಪ್ತಿಯಾದ ಭರಣಿಗಳು

ತುಂಗಕ್ಕನ ಮಡಿ ಎಂದರೆ ಮದ್ರಾಸಿನ ಅಂಚಿನ ತಿರುವೊಟ್ಟಿಯೂರಿನ ಬೆಕ್ಕುಗಳಿಗೂ ಗೊತ್ತಿತ್ತು. ಗಂಡ ತೀರಿಕೊಂಡ ಮೇಲೆ ಪುತ್ತೂರು ಕಡೆಯ ತನ್ನ ಊರಿನಿಂದ ಮಾವಿನ ಮಿಡಿ ತರಿಸಿ, ಉಪ್ಪಿನಕಾಯಿ ಹಾಕಿ, ಮದ್ರಾಸಿನ ಉಡುಪಿ ಹೋಟೆಲುಗಳಿಗೆ ಕೊಟ್ಟು ಬದುಕುತ್ತಿದ್ದಳು. ಅವಳ ಭರಣಿಗೆ ಇನ್ನೊಬ್ಬರ ಕೈ ತಾಗುವುದಿಲ್ಲ ಎಂಬ ನಂಬಿಕೆಯೇ ಅವಳ ವ್ಯಾಪಾರ.

೧೯೬೨ರ ಬೇಸಿಗೆಯಲ್ಲಿ ಮಾರಾಟ ತೆರಿಗೆಯ ಅಧಿಕಾರಿಯೊಬ್ಬ ಮನೆಗೆ ಬಂದ. ಲೆಕ್ಕ ಕೇಳಿದ್ದಕ್ಕೆ ಎಲ್ಲ ತಲೆಯಲ್ಲಿದೆ ಎಂದಳು. ಅಷ್ಟಕ್ಕೇ ಮುಗಿಯುತ್ತಿತ್ತೋ ಏನೋ. ಅವನು ಭರಣಿಯ ಕಡೆ ಕೈ ಚಾಚಿದ್ದೇ ತಡ, ಮುಟ್ಟಬೇಡಿ ಎಂದು ಅಡ್ಡ ನಿಂತಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗಾಯಿತು. ಒಳಗೇನೋ ಇದೆ ಎಂದುಕೊಂಡ ಅವನು ವರ್ಷದ ಸರಕನ್ನೆಲ್ಲ ಜಪ್ತಿ ಮಾಡಿ ರಾಯಪುರಂನ ಗೋದಾಮಿಗೆ ಸಾಗಿಸಿದ. ಹೊರಗೆ ತಾಗಿದರೆ ತೊಳೆದರಾಯಿತು, ಒಳಗೆ ಮುಟ್ಟದಿದ್ದರೆ ಸರಿ ಎಂದು ತುಂಗಕ್ಕ ಅಲ್ಲೇ ನಿಂತು ಹೊಸ ಶಾಸ್ತ್ರ ಮಾಡಿಕೊಂಡಳು.

ಬಿಡಿಸಿಕೊಳ್ಳಲು ಹೋದರೆ ತೆರಿಗೆ, ದಂಡ ಎರಡನ್ನೂ ಮೊದಲೇ ಕಟ್ಟಬೇಕೆಂಬ ಷರತ್ತು. ತೆರಿಗೆ ಎಷ್ಟೆಂದು ಯಾರೂ ಇನ್ನೂ ತೀರ್ಮಾನಿಸಿರಲಿಲ್ಲ! ಅವಳ ಉಪ್ಪಿನಕಾಯಿ ಕೊಳ್ಳುತ್ತಿದ್ದ ಸುಬ್ರಾಯರ ಹೋಟೆಲಿನಲ್ಲಿ ಊಟ ಮಾಡುತ್ತಿದ್ದ ವಕೀಲ ಹರಿಹರ ಅವಳ ಪರವಾಗಿ ಹೈಕೋರ್ಟಿಗೆ ಹೋದ. ಇಂಗ್ಲಿಷು ತಿಳಿಯದ ತುಂಗಕ್ಕ ಎಲ್ಲರ ಮುಖಗಳನ್ನೇ ನೋಡುತ್ತ ಕೂತಳು. ಉಪ್ಪುನೀರು ಇಳಿದರೆ ಮಿಡಿ ಕೊಳೆಯುತ್ತದೆಂದು ಜಡ್ಜರಿಗೆ ಹೇಳಿದೆಯಾ ಎಂಬುದೊಂದೇ ಹರಿಹರನಿಗೆ ಅವಳ ಪ್ರಶ್ನೆ. ಅವನು ಹೇಳಿದ್ದ. ಕಟ್ಟಲಾಗದ ಷರತ್ತು ಹಾಕಿ ಬಿಡುತ್ತೇವೆನ್ನುವುದು ಬಿಡದಿದ್ದಂತೆಯೇ ಎಂದ ಜಡ್ಜರು, ಲೆಕ್ಕ ಒಪ್ಪಿಸುವೆನೆಂಬ ಅವಳ ಮುಚ್ಚಳಿಕೆಯ ಮೇಲೆ ಸರಕು ಬಿಡಿಸಿದರು. ಅಷ್ಟರಲ್ಲಿ ಮಳೆಗಾಲವೇ ಬಂದಿತ್ತು.

ಕೊಳೆತ ವಾಸನೆಗೆ ಸಿದ್ಧಳಾಗಿ ಗೋದಾಮಿನಲ್ಲೇ ಭರಣಿಯ ಬಾಯಿಬಟ್ಟೆ ಬಿಚ್ಚಿದಳು. ನೀರು ಕಂಠಮಟ್ಟ ಇತ್ತು, ಮಿಡಿ ಗಟ್ಟಿಯಾಗಿತ್ತು. ಇನ್ನೊಂದೂ ಹಾಗೆಯೇ. ಇಷ್ಟು ದಿನಕ್ಕೆ ಗೇಣುದ್ದ ಇಳಿಯಬೇಕಾದ ನೀರು ಇಳಿಯಲಿಲ್ಲ ಯಾಕೆ? ಸಂತೋಷಕ್ಕಿಂತ ಕುತೂಹಲವೇ ಹೆಚ್ಚಾಗಿ, ಗೋದಾಮಿನ ಕಾವಲುಗಾರನನ್ನು ಕರೆದು ಕೇಳಿದಳು.

"ನಾನೇ ಹೊಯ್ದದ್ದಮ್ಮ. ಉಪ್ಪುನೀರು ಕಾಯಿಸಿ, ಆರಿಸಿ ಹೊಯ್ದೆ. ಊರಿನ ಮಿಡಿ ಅಲ್ವಾ, ಹಾಳಾಗುದು ನೋಡ್ಲಿಕ್ಕಾಗ್ಲಿಲ್ಲ," ಎಂದವನು ಅದೇ ಪುತ್ತೂರು ಕಡೆಯ ಐತ. ಹೆಸರು ಹೇಳಿದವನೇ ಅಭ್ಯಾಸಬಲದಿಂದ ನಾಲ್ಕು ಹೆಜ್ಜೆ ಹಿಂದೆ ಸರಿದ. ಊರಲ್ಲಾಗಿದ್ದರೆ ಅವಳ ಅಂಗಳದಾಚೆ ನಿಲ್ಲಬೇಕಾದ ಜಾತಿಯವನು.

ತುಂಗಕ್ಕನಿಗೆ ಮೊದಲು ಬಂದದ್ದು ಸಿಟ್ಟು. ನಾಚಿಕೆ ಆಮೇಲೆ ಬಂತು, ಆದರೆ ಬಂದದ್ದು ಹೋಗಲಿಲ್ಲ. ಒಂದು ಮಿಡಿ ತೆಗೆದು ಅವನೆದುರೇ ಕಚ್ಚಿದಳು. ಇನ್ನೊಂದನ್ನು ಅವನ ಕೈಗಿಟ್ಟಳು.

ಭರಣಿಗಳನ್ನು ಹೊತ್ತ ಗಾಡಿ ಸುಬ್ರಾಯರ ಹೋಟೆಲಿಗೆ ಬಂತು. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವಳು ನಡೆದದ್ದನ್ನೆಲ್ಲ ಹೇಳಿದಳು. ಸುಬ್ರಾಯರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. ತನಗೆ ಹೇಳಿದ್ದಾಯಿತು, ಇನ್ನೊಬ್ಬರ ಕಿವಿಗೆ ಬೀಳುವುದು ಬೇಡ, ಭರಣಿ ಒಳಗಿಡಿಸಿ ಎಂದರು.

"ಅವ ಮುಟ್ಟಿದ್ದಕ್ಕೇ ಇದು ಉಳಿದದ್ದು ಸುಬ್ರಾಯರೇ. ಅದನ್ನು ಮುಚ್ಚಿಟ್ಟು ನಾನು ಮಾರೂದಿಲ್ಲ."

ಇರುವ ಗಿರಾಕಿಗಳೆಲ್ಲ ಹೋಗುತ್ತಾರೆಂದು ಅವಳಿಗೆ ಗೊತ್ತಿತ್ತು, ಹೆದರಿಕೆಯೂ ಆಗಿತ್ತು. ಮರುದಿನ ತಿರುವೊಟ್ಟಿಯೂರಿನ ಕಾರ್ಖಾನೆಯ ಬಾಗಿಲಲ್ಲಿ ಭರಣಿ ಇಟ್ಟುಕೊಂಡು ಕೂತಳು. ಮಧ್ಯಾಹ್ನದ ಗಂಟೆ ಹೊಡೆಯಿತು. ಬುತ್ತಿ ಹಿಡಿದು ಬಂದ ಮೊದಲ ಕೂಲಿಯವನಿಗೆ ಅವಳು ಐತನ ಕಥೆ ಶುರುಮಾಡಿದಳು. ಅವನು ಕೇಳಿಸಿಕೊಳ್ಳುತ್ತಲೇ ಭರಣಿಯೊಳಗೆ ಕೈ ಹಾಕಿದ. ಮುಟ್ಟಬೇಡಿ ಎಂಬ ಮಾತು ತುಂಗಕ್ಕನ ನಾಲಿಗೆಯ ತುದಿಗೆ ಬಂತು. ಆದರೆ ಅವಳು ತಡೆಯಲಿಲ್ಲ.