ಅಂಟುವುದಿಲ್ಲ ಎಂಬ ಸಾಲು

ಆ ಸಾಲನ್ನು ತೆಗೆಸಿದವನು ನಾನು. ಪತ್ರಿಕೆಯ ಡೆಸ್ಕಿನವರಲ್ಲ. ಏಳು ವರ್ಷಗಳಿಂದ ಗಿರಿಜಕ್ಕ ನಂಬಿರುವುದು ನನ್ನ ಸುಳ್ಳನ್ನು.

ಆಗ ನಾನು ಕುಂದಾಪುರದಲ್ಲಿ ಪತ್ರಿಕೆಯೊಂದರ ವರದಿಗಾರ. ಗಿರಿಜಕ್ಕ ಪಕ್ಕದ ಕೋಡಿ ಊರಿನವರು, ಮೀನು ಮಾರುವವರು. ಚಿಕ್ಕಂದಿನಿಂದ ಅವರ ಕಾಲಿನ ಹುಣ್ಣು ಮಾಯುತ್ತಿರಲಿಲ್ಲ. ಒಂದು ಒಣಗಿದರೆ ಪಕ್ಕದಲ್ಲಿ ಇನ್ನೊಂದು. ಸಕ್ಕರೆ ಕಾಯಿಲೆ ಎಂದರು, ನಾಗದೋಷ ಎಂದರು. ನಲವತ್ತು ದಾಟಿದ ಮೇಲೆ, ರಕ್ತ ದೂರದ ಲ್ಯಾಬಿಗೆ ಹೋಗಿ ಬಂದಾಗ ಗೊತ್ತಾಯಿತು—ತಂದೆ ತಾಯಿ ಇಬ್ಬರಿಂದಲೂ ಬಂದ, ಮೈಯೊಳಗಿನ ಉರಿಯೂತ ಆರದ, ಬಲು ಅಪರೂಪದ ಕಾಯಿಲೆ. ಮಾತ್ರೆ ಶುರುವಾಯಿತು. ದಿನವೂ ಹುಣ್ಣು ತೊಳೆದು ಪಟ್ಟಿ ಕಟ್ಟಬೇಕು. ಹಿಮ್ಮಡಿಯ ಮೇಲಿನದು ಅವರ ಕಣ್ಣಿಗೆ ಕಾಣದು. ಪಕ್ಕದ ಮನೆಯ ಜಲಜ ಬಂದು ಕಟ್ಟುತ್ತಿದ್ದಳು. ಅದು ಉಗುರಿನಷ್ಟಕ್ಕೆ ಇಳಿದಿತ್ತು.

“ಹ್ವಾಯ್, ಬೇಕಾರೆ ಪಟ ತೆಕಣಿ. ಇದ್ ಅಂಟುದಲ್ಲ ಅಂದೇಳಿ ಮಾತ್ರ ಬರೀಕ್, ಕಾಣಿ,” ಎಂದಿದ್ದರು ಗಿರಿಜಕ್ಕ, ಸುದ್ದಿ ಮಾಡಲು ನಾನು ಹೋದಾಗ. ಅದೊಂದೇ ಷರತ್ತು.

ಬರೆದೆ—ಕೊನೆಯ ಸಾಲಾಗಿ. ಸುದ್ದಿ ಉದ್ದವಾಯಿತು ಎಂದು ಡೆಸ್ಕಿನಿಂದ ಫೋನ್ ಬಂದಾಗ “ಕೊನೆಯದ್ದು ತೆಗೆಯಿರಿ” ಎಂದೆ. ಜಾಗವಿರಲಿಲ್ಲ—ಅಲ್ಲ, ಅದೂ ಪೂರ್ತಿ ನಿಜವಲ್ಲ. ಆ ಸಾಲಿದ್ದರೆ ಓದುವವರ ಭಯ ಇಳಿಯುತ್ತಿತ್ತು. ಸುದ್ದಿ ಸಪ್ಪೆಯಾಗುತ್ತಿತ್ತು. ಅದು ನನಗೆ ಗೊತ್ತಿತ್ತು.

ಸುದ್ದಿ ಬಂದ ದಿನ ಜಲಜ ಅಂಗಳದಲ್ಲೇ ನಿಂತಳಂತೆ. “ಮನೆಂಗೆ ಸಣ್ಣ್ ಮಕ್ಳಿದ್ದೊ, ಗಿರಿಜಕ್ಕ...”

ವಾರ ಕಳೆದು ಹೋದೆ. ಗಿರಿಜಕ್ಕ ಮೀನಿನ ಬುಟ್ಟಿಗೆ ಕನ್ನಡಿ ಆನಿಸಿಟ್ಟು, ಕುತ್ತಿಗೆ ತಿರುಚಿ, ತಾವೇ ಕಟ್ಟಿಕೊಳ್ಳುತ್ತಿದ್ದರು. ಪಟ್ಟಿ ಹುಣ್ಣಿನಿಂದ ಒಂದು ಬೆರಳು ಆಚೆ ಕೂತಿತ್ತು. ಆ ಸಾಲು ಎಲ್ಲಿ ಎಂದು ಕೇಳಿದರು. ಡೆಸ್ಕಿನವರು ಕತ್ತರಿಸಿದರು ಎಂದೆ.

“ನಿಮ್ಮಲ್ಲೂ ಕೊಯ್ಯು ಡಾಕ್ಟ್ರಿದ್ರಾ ಮಾರಾಯ್ರೆ? ಹುಣ್ಣ್ ಬಿಟ್ಟ್ ಬೆರಳ್ ಕೊಯ್ದ್ರ್, ಕಾಣಿ!”

ನಾನೂ ನಕ್ಕೆ.

ಪಟ್ಟಿಯನ್ನು ಸರಿಸಿ ಕಟ್ಟಬಹುದಿತ್ತು. ಅಂಟುವುದಿಲ್ಲವೆಂದು ಆ ಮನೆಯಲ್ಲಿ ಗಿರಿಜಕ್ಕನನ್ನು ಬಿಟ್ಟರೆ ತಿಳಿದಿದ್ದವನು ನಾನೊಬ್ಬನೇ—ಆದರೂ ಕೈ ಮುಂದಾಗಲಿಲ್ಲ. ಜಲಜಳ ಬಾಗಿಲಿಗೆ ಹತ್ತು ಹೆಜ್ಜೆ. ಹೋಗಲಿಲ್ಲ. ಹೋದರೆ, ಪೇಪರಿನಲ್ಲಿ ಯಾಕೆ ಹಾಕಲಿಲ್ಲ ಎಂದು ಅವಳು ಕೇಳುತ್ತಿದ್ದಳು.

ಮುಂದಿನ ಸಲ ಕಂಡಾಗ ಹುಣ್ಣು ಅಂಗೈಯಗಲವಾಗಿತ್ತು. ಮತ್ತೆ ನಾನು ಆ ಮನೆಗೆ ಹೋಗಿಲ್ಲ. ಆದರೆ ಕನ್ನಡಿ ಎಲ್ಲಿ ಕಂಡರೂ—ಕ್ಷೌರದಂಗಡಿಯಲ್ಲಿ, ಬಸ್ಸಿನ ಡ್ರೈವರನ ತಲೆಯ ಮೇಲೆ—ಮೊದಲು ಕಾಣುವುದು ಆ ಹಿಮ್ಮಡಿ.

ನಾಳೆ ಬೆಳಿಗ್ಗೆ ಕೋಡಿಗೆ ಹೋಗಿ ಇದನ್ನು ಗಿರಿಜಕ್ಕನ ಮುಂದೆ ಓದುತ್ತೇನೆ. ಆಮೇಲೆ ಜಲಜಳ ಅಂಗಳದಲ್ಲಿ.

ಬರೆದದ್ದನ್ನು ಈಗ ತಿರುಗಿ ಓದಿದೆ. ಇಲ್ಲೂ ಮೊದಲ ಸಾಲು ನನ್ನ ಬಗ್ಗೆಯೇ ಇದೆ. ಅವರು ಕೇಳಿದ ಸಾಲು ಮತ್ತೆ ಕೊನೆಗೇ ಬಿತ್ತು: ಗಿರಿಜಕ್ಕನ ಕಾಯಿಲೆ ಯಾರಿಗೂ ಅಂಟುವುದಿಲ್ಲ.