ಒತ್ತಾಯ ಮಾಡದ ಸುಶಿ ಹೋಟೆಲು

ಸುಶಿಯ ಬಗ್ಗೆ ನನಗೆ ಮೊದಲು ಇದ್ದದ್ದು ಒಂದೇ ಅಭಿಪ್ರಾಯ: ತಂಗಳನ್ನಕ್ಕೆ ಇಷ್ಟೊಂದು ಆಡಂಬರ ಬೇಕೇ? ನಮ್ಮ ಮನೆಯಲ್ಲಿ ತಣ್ಣಗಿನ ಅನ್ನವನ್ನು ಯಾರ ತಟ್ಟೆಗೂ ಹಾಕುವುದಿಲ್ಲ. ರಾತ್ರಿ ಉಳಿದದ್ದು ಬೆಳಗ್ಗೆ ಚಿತ್ರಾನ್ನವಾಗುತ್ತದೆ, ಚಿತ್ರಾನ್ನಕ್ಕೂ ಮಿಕ್ಕಿದ್ದು ಬೀದಿಯ ಹಸುವಿಗೆ ಹೋಗುತ್ತದೆ. ಅಂಥ ಅನ್ನವನ್ನು ಕರಿ ಹಾಳೆಯಲ್ಲಿ ಸುತ್ತಿ, ತುಂಡು ಮಾಡಿ, ಸಾಲಾಗಿ ಕೂರಿಸಿ ಕೊಡುವ ಹೋಟೆಲು ನಮ್ಮ ಬಸವೇಶ್ವರನಗರಕ್ಕೂ ಬಂದಿದೆ ಎಂದು ಸೊಸೆ ಹೇಳಿದಾಗ, "ಸ್ವಲ್ಪ ದಿನ ತಡಿ, ಬಂದ ದಾರಿಗೆ ಸುಂಕ ಇಲ್ಲ ಅಂತ ಬಾಗಿಲು ಹಾಕ್ಕೊಂಡು ಹೋಗ್ತಾರೆ" ಎಂದಿದ್ದೆ. ಈಗ ಶನಿವಾರ ಮಧ್ಯಾಹ್ನ ನನ್ನನ್ನು ಕಾಣಬೇಕೆಂದರೆ ಮನೆಗೆ ಬಂದು ಪ್ರಯೋಜನವಿಲ್ಲ, ಅಲ್ಲಿಗೇ ಬರಬೇಕು. ಇದಕ್ಕೆಲ್ಲ ಕಾರಣ ನನ್ನ ಅಕ್ಕ.

ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಭಾವ ಹೋದ ಮೇಲೆ ನಮ್ಮ ಮನೆಯ ಮೇಲಿನ ಪೋರ್ಷನ್ನಿಗೆ ಬಂದಳು. ಹೋದ ವರ್ಷ ಅವಳಿಗೆ ಆ ದೊಡ್ಡ ಕಾಯಿಲೆ ಬಂತು. ಹೆಸರು ಹೇಳುವುದು ಬೇಡ, ಎಲ್ಲರಿಗೂ ಗೊತ್ತಿರುವುದೇ. ಚಿಕಿತ್ಸೆಯೆಲ್ಲ ಮುಗಿದು, ಡಾಕ್ಟರು ಕಾಯಿಲೆ ಹೋಗಿದೆ ಎಂದರು. ಕಾಯಿಲೆ ಹೋಗುವಾಗ ಅವಳ ಹಸಿವನ್ನೂ ಜೊತೆಗೆ ಕರೆದುಕೊಂಡು ಹೋಗಿತ್ತು. ಕೆಳಗೆ ನಮ್ಮ ಅಡುಗೆಮನೆಯಲ್ಲಿ ಸಾಸಿವೆ ಸಿಡಿದರೆ ಮೇಲೆ ಅವಳಿಗೆ ಓಕರಿಕೆ. ಬಿಸಿ ಅನ್ನದ ಹಬೆಗೂ ಮುಖ ತಿರುಗಿಸುತ್ತಿದ್ದಳು. ರವಿಕೆಗಳಿಗೆ ಹೊಲಿಗೆ ಹಾಕಿ ಹಾಕಿ ಬಿಗಿ ಮಾಡಿದರೂ ಹೆಗಲಿನಿಂದ ಜಾರುತ್ತಿದ್ದವು.

ತೂಕ ಹೀಗೇ ಇಳಿಯುತ್ತಾ ಹೋದರೆ ಮೂಗಿನಿಂದ ಹೊಟ್ಟೆಗೆ ನಳಿಕೆ ಹಾಕಿ ಆಹಾರ ಕೊಡಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ ದಿನ, ಆಟೋದಲ್ಲಿ ಬರುತ್ತಾ ಅಕ್ಕ ತಣ್ಣಗೆ ಹೇಳಿದಳು: "ಮೂಗಲ್ಲಿ ಪೈಪ್ ಹಾಕಿಸ್ಕೊಂಡು ನಾನು ಬದುಕಲ್ಲ ಕಣೇ. ನನ್ನ ಕೇಳ್ದೆ ನೀವು ಯಾರೂ ಹ್ಞೂಂ ಅನ್ಬೇಡಿ." ನಾನು ಅವಳನ್ನು ಬೈದೆ. ಬೈದದ್ದು ಭಯಕ್ಕೆ.

ಇನ್ನು ನಮ್ಮ ಕಡೆಯ ಪದ್ಧತಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಾವು ದಾವಣಗೆರೆ ಕಡೆಯ ಲಿಂಗಾಯತರು. ನಮ್ಮಲ್ಲಿ ಒತ್ತಾಯ ಮಾಡದೆ ಬಡಿಸಿದರೆ ಅದು ಊಟವೇ ಅಲ್ಲ. ಉಣ್ಣುವವರು "ಸಾಕು" ಎಂದರೆ "ಇನ್ನೊಂದು ಹಾಕಿ" ಎಂದೇ ಬಡಿಸುವವರ ತಿಳುವಳಿಕೆ. ಎರಡೂ ಕೈ ಅಡ್ಡ ಹಿಡಿದು ಎಲೆಯ ಮೇಲೆ ಬೋರಲು ಬಿದ್ದರೂ ಸಂದಿ ಹುಡುಕಿ ಹೋಳಿಗೆ ಇಳಿಸುತ್ತಾರೆ, ಕೈ ತೆಗೆಯದಿದ್ದರೆ ಕೈ ಮೇಲೆಯೇ ತುಪ್ಪ. "ನನ್ನಾಣೆ, ಇದೊಂದು." "ನಮ್ಮ ಮನೆ ಊಟ ಸೇರಲಿಲ್ವಾ?" ಹೀಗೆ ಬಡಿಸುವುದರಲ್ಲಿ ನಮ್ಮ ವಂಶದಲ್ಲೇ ನನ್ನನ್ನು ಮೀರಿಸಿದವರಿಲ್ಲ. ಮದುವೆಮನೆಯಲ್ಲಿ ನಾನು ಸೆರಗು ಸಿಕ್ಕಿಸಿಕೊಂಡು ಪಂಕ್ತಿಗೆ ಇಳಿದರೆ ಗಂಡಿನ ಕಡೆಯವರು ಹೆದರುತ್ತಿದ್ದರು.

ಆ ವಿದ್ಯೆಯನ್ನೆಲ್ಲ ಅಕ್ಕನ ಮೇಲೆ ಪ್ರಯೋಗಿಸಿದೆ. ಗಂಜಿ, ಗಸಗಸೆ ಪಾಯಸ, ಮೆತ್ತಗಿನ ಇಡ್ಲಿ ಎಲ್ಲವನ್ನೂ ಹೊತ್ತುಕೊಂಡು ಮೆಟ್ಟಿಲು ಹತ್ತುವುದು, ಅವಳ ಎದುರಿಗೆ ಕುರ್ಚಿ ಎಳೆದುಕೊಂಡು ಕೂರುವುದು, "ಇದೊಂದೇ ಚಮಚ" ಎನ್ನುವುದು. ಪಕ್ಕದಲ್ಲಿ ನನ್ನ ಯಜಮಾನರು, ಬಾಗಿಲಲ್ಲಿ ಸೊಸೆ. ಅಕ್ಕ ನಮ್ಮ ಮುಖಗಳನ್ನು ನೋಡುತ್ತಿದ್ದಳು, ಚಮಚ ನೋಡುತ್ತಿದ್ದಳು, "ಚೆನ್ನಾಗಿದೆ ಕಣೇ" ಎಂದು ಬಟ್ಟಲನ್ನು ಪಕ್ಕಕ್ಕಿಡುತ್ತಿದ್ದಳು.

ಸುಶಿಯ ಯೋಚನೆ ಸೊಸೆಯದು. "ಅತ್ತೆ, ಅದು ತಣ್ಣಗಿರುತ್ತೆ, ಒಗ್ಗರಣೆ ಇಲ್ಲ, ವಾಸನೆ ಇಲ್ಲ. ದೊಡ್ಡತ್ತೆಗೆ ಸೇರಬಹುದು" ಎಂದಳು. ಡಾಕ್ಟರನ್ನು ಕೇಳಿದರೆ, ಶುಚಿಯಾಗಿದ್ದರೆ ಏನಾದರೂ ತಿನ್ನಲಿ, ತಿಂದರೆ ಸಾಕು ಎಂದರು. ನನಗೆ ಮನಸ್ಸಿರಲಿಲ್ಲ. ಆದರೆ ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ, ನಡಿ ಎಂದೆ.

ಮೊದಲು ಹೋದದ್ದು ರಾಜಾಜಿನಗರದ ಒಂದು ದೊಡ್ಡ ಹೋಟೆಲಿಗೆ. ಅಬ್ಬಬ್ಬಾ, ಅಲ್ಲಿನ ಕುರ್ಚಿಗಳೇನು, ದೀಪಗಳೇನು! ಆರ್ಡರ್ ತಗೊಳ್ಳಲು ಮಾತ್ರ ಮನುಷ್ಯರಿಲ್ಲ, ಮೇಜಿಗೆ ಅಂಟಿಸಿದ ಚೌಕಾಕಾರದ ಗುರುತಿಗೆ ಫೋನ್ ಹಿಡಿಯಬೇಕಂತೆ. ಬಹಳ ಹೊತ್ತಿನ ಮೇಲೆ ತಟ್ಟೆ ಬಂತು. ಅನ್ನದ ಮೇಲ್ಭಾಗ ಒಣಗಿ ನಿಂತಿತ್ತು, ಸೌತೆಕಾಯಿ ಬಾಡಿತ್ತು. ಅಕ್ಕ ಒಂದನ್ನು ಕಚ್ಚಿ ಮೆಲ್ಲಗೆ ಪೇಪರ್ ಕರ್ಚೀಫಿಗೆ ಉಗಿದಳು. ಅಲ್ಲೇ ಓಡಾಡುತ್ತಿದ್ದ ಕೋಟು ಹಾಕಿದ ಮ್ಯಾನೇಜರನ್ನು ಕರೆದೆ.

"ಏನಪ್ಪಾ ಇದು, ಅಕ್ಕಿನೋ ಅನ್ನನೋ?"

"ಇದು ಅಥೆಂಟಿಕ್ ಮೇಡಂ."

"ಹಲ್ಲಿಗೆ ಅದೆಲ್ಲ ಗೊತ್ತಾಗಲ್ಲಪ್ಪಾ. ನೀನೇ ಒಂದು ಬಾಯಿಗೆ ಹಾಕ್ಕೊಂಡು ನೋಡು."

ಅವನು ಹಾಕಿಕೊಳ್ಳಲಿಲ್ಲ. ಹೊರಡುವಾಗ ಮಾತ್ರ ಬಾಗಿಲವರೆಗೂ ಬಂದು ಫೋನಿನಲ್ಲಿ ಐದು ನಕ್ಷತ್ರ ಕೊಡಿ ಎಂದು ಹಲ್ಲು ಕಿರಿದ. ಆಕಾಶ ನೋಡ್ಕೋ ಹೋಗು ಎಂದು ಬಂದೆ.

ಎರಡನೆಯದೇ ನಮ್ಮ ಬಸವೇಶ್ವರನಗರದ್ದು. ಮೆಡಿಕಲ್ ಶಾಪಿನ ಪಕ್ಕ ಚಿಕ್ಕ ಜಾಗ. ಕಿಟಕಿಗೆ ಮುಖ ಮಾಡಿ ಉದ್ದಕ್ಕೆ ಒಂದು ಹಲಗೆ, ಅದರ ಮುಂದೆ ಸ್ಟೂಲು. ನಡೆಸುವವಳು ಮೂಡಲಪಾಳ್ಯದ ಹಳಬರ ಮನೆಯ ಹೆಣ್ಣುಮಗಳು, ಮೂವತ್ತರ ಆಸುಪಾಸು. ಅವಳೇ ಮಾಡುತ್ತಾಳೆ, ಅವಳೇ ತಂದಿಡುತ್ತಾಳೆ. ನನ್ನ ಮೊದಲ ಪ್ರಶ್ನೆ ಬಾಗಿಲಲ್ಲೇ: "ಮೀನು ಕುಯ್ಯೋ ಚಾಕುನೇ ನಮಗೂ ಹಾಕ್ತೀಯೇನಮ್ಮಾ?"

"ಇಲ್ಲ ಆಂಟಿ, ವೆಜ್‌ಗೆ ಬೇರೆ ಚಾಕು, ಬೇರೆ ಮಣೆ. ಒಳಗೆ ಬಂದು ನೋಡಿ ಬೇಕಾದ್ರೆ."

ನೋಡದೆ ಬಿಡುವವಳೇ ನಾನು? ಅಕ್ಕನ ಮುಂದೆ ತಟ್ಟೆ ಬಂದದ್ದೇ ತಡ, ಅವಳನ್ನು ಸ್ಟೂಲಿನಲ್ಲಿ ಬಿಟ್ಟು ಒಳಗೆ ಹೋದೆ. ಚಾಕು ನೋಡಿದೆ, ಮಣೆ ಮೂಸಿದೆ, ಫ್ರಿಜ್ಜಿನ ಬಾಗಿಲು ತೆಗೆಸಿದೆ. ಮೀನು ಕೆಳಗಿನ ಖಾನೆಯಲ್ಲಿ ಮುಚ್ಚಳದ ಡಬ್ಬದೊಳಗಿತ್ತು. ಅನ್ನಕ್ಕೆ ಬೆರಳಿಟ್ಟು, ತಣ್ಣಗಿರುತ್ತದೆ ಎಂದೇ ಬಂದದ್ದನ್ನು ಮರೆತು, "ತಣ್ಣಗಿದೆಯಲ್ಲೇ, ಅಕ್ಕನಿಗೆ ಸ್ವಲ್ಪ ಬಿಸಿ ಮಾಡಿಕೊಡು" ಎಂದೆ. ಬಿಸಿ ಮಾಡಿದರೆ ಬಿಚ್ಚಿಹೋಗುತ್ತದೆ ಎಂದಳು. ಹಾಗಾದರೆ ಜೊತೆಗೆ ಸಾರಾದರೂ ಕೊಡು ಎಂದೆ. ನಕ್ಕಳು. ನಕ್ಕಳಷ್ಟೇ, ಮುಖ ಸಿಂಡರಿಸಲಿಲ್ಲ. ಆ ಕರಿ ಹಾಳೆ ಸಮುದ್ರದ ಪಾಚಿಯಂತೆ. ನಾನು ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದವಳು, ನನಗೆ ಕಂಡದ್ದು ಕಾರ್ಬನ್ ಪೇಪರ್. ಸೊಸೆ ಮೊದಲೇ ಫೋನಿನಲ್ಲಿ ಅಕ್ಕನ ವಿಷಯ ಹೇಳಿದ್ದರಿಂದ, ಅದರ ವಾಸನೆ ಆಗಲಿಕ್ಕಿಲ್ಲ ಎಂದು ಹೋಟೆಲಿನವಳು ಆಗಲೇ ಊಹಿಸಿ, ಸೌತೆಕಾಯಿಯನ್ನು ತೆಳ್ಳಗೆ ಪಟ್ಟಿಯಾಗಿ ಸೀಳಿ ಅದರಲ್ಲೇ ಸುತ್ತಿ ಕೊಟ್ಟಿದ್ದಳಂತೆ.

ಹೊರಗೆ ಬಂದು ನೋಡುತ್ತೇನೆ, ಅಕ್ಕನ ತಟ್ಟೆಯಲ್ಲಿ ಎರಡು ತುಂಡು ಇಲ್ಲ. ಬಗ್ಗಿ ನೆಲ ನೋಡಿದೆ. ನೆಲದಲ್ಲೂ ಇಲ್ಲ.

"ತಿಂದ್ಯಾ?"

"ತಿಂದೆ. ಹುಳಿ ಹುಳಿಯಾಗಿದೆ" ಎಂದಳು. ನಾನು ಪಕ್ಕದಲ್ಲೇ ನಿಂತು "ಇನ್ನೊಂದು ತಗೋ" ಎಂದೆ. ಬೇಡ ಎಂದಳು.

ಆ ದಿನ ನನಗೆ ಎಷ್ಟು ಖುಷಿಯಾಯಿತೆಂದರೆ, ದಾರಿಯಲ್ಲಿ ಸಿಕ್ಕ ಗಣಪತಿಗೆಲ್ಲ ಕೈಮುಗಿದೆ. ಖುಷಿಯ ಜೊತೆಗೆ ನನ್ನದೊಂದು ಲೆಕ್ಕಾಚಾರವೂ ಶುರುವಾಯಿತು. ಆ ಹೋಟೆಲಿನವಳದು ಅಡುಗೆ ಶುಚಿ, ಮಾತು ಮೆತ್ತಗೆ, ಎಲ್ಲ ಸರಿ. ಆದರೆ ಬಡಿಸುವ ಕ್ರಮವೇ ಗೊತ್ತಿಲ್ಲ. ತಟ್ಟೆ ಇಡುತ್ತಾಳೆ, ಬೆನ್ನು ತಿರುಗಿಸಿ ತನ್ನ ಕೆಲಸಕ್ಕೆ ಹೋಗುತ್ತಾಳೆ. ಬೇಕಾ, ಸಾಕಾ, ಇನ್ನೊಂದು ಹಾಕಲಾ, ಊಹೂಂ. ಹಾಗೆ ಬಿಟ್ಟರೂ ಎರಡು ತಿಂದಳು ಎಂದಮೇಲೆ, ಸರಿಯಾಗಿ ಒತ್ತಾಯ ಮಾಡಿದರೆ ತಟ್ಟೆಯೇ ಖಾಲಿಯಾಗಬೇಕಲ್ಲ?

ಮುಂದಿನ ಶನಿವಾರ ಅಕ್ಕ ಕೈ ತೊಳೆಯಲು ಹೋದಾಗ ಹೋಟೆಲಿನವಳನ್ನು ಹತ್ತಿರ ಕರೆದು ಹೇಳಿಕೊಟ್ಟೆ. "ಅಕ್ಕನಿಗೆ ಸಂಕೋಚ ಜಾಸ್ತಿ ಕಣಮ್ಮ. ನೀನು ಪಕ್ಕದಲ್ಲೇ ನಿಂತ್ಕೊಂಡು ಇದೊಂದು, ಇದೊಂದು ಅಂತ ಹಾಕು. ಬೇಡ ಅಂದ್ರೆ ಕೇಳ್ಬೇಡ."

ಪಾಪ, ಅವಳೂ ಹಳ್ಳಿ ಮನೆತನದವಳು, ಹಿರಿಯರ ಮಾತು ತೆಗೆದುಹಾಕಲಿಲ್ಲ. ಚಿಮಟ ಹಿಡಿದು ನಿಂತಳು. "ಆಂಟಿ, ಇದು ಗೆಣಸಿಂದು, ಒಂದೇ ಒಂದು. ಆಂಟಿ, ಇದು ಬಟರ್ ಫ್ರೂಟು, ನನಗೋಸ್ಕರ." ಇತ್ತ ಕಡೆಯಿಂದ ನಾನು, "ಅಷ್ಟು ಪ್ರೀತಿಯಿಂದ ಕೊಡ್ತಿದಾಳೆ, ತಗೋ ಅಕ್ಕ." ಅಕ್ಕ ಕೈಯಲ್ಲಿದ್ದ ತುಂಡನ್ನು ತಟ್ಟೆಗೆ ಹಾಕಿ, ತಟ್ಟೆಯನ್ನು ದೂಡಿದಳು.

"ಊಟ ತನ್ನಿಚ್ಛೆ ಅಂತಾರೆ, ನೀವು ಅದನ್ನೂ ಬಿಡಲ್ವಲ್ಲೇ. ನಾನು ಬಾಯಿಗೆ ಹಾಕ್ಕೊಳ್ಳೋವಾಗ ನೀವೆಲ್ಲ ಹೆಂಗೆ ನೋಡ್ತೀರ ಗೊತ್ತಾ? ಹೋಗೋ ಜೀವಕ್ಕೆ ಕೊನೇ ನೀರು ಬಿಡೋವಾಗ ಸುತ್ತ ನಿಂತು ನೋಡ್ತಾರಲ್ಲ, ಹಂಗೆ. ಗಂಟಲಲ್ಲಿ ಇಳಿಯುತ್ತೇನೇ?"

ಹೋಟೆಲಿನವಳು ಚಿಮಟ ಕೆಳಗಿಟ್ಟು, "ಸಾರಿ ಆಂಟಿ" ಎಂದು ಒಳಗೆ ಹೋದಳು. ನನಗೆ ಮೈಯೆಲ್ಲ ಉರಿಯಿತು. ಒಳ್ಳೆಯದಕ್ಕೆ ಕಾಲವಿಲ್ಲ ಎಂದುಕೊಂಡೆ. ಮನೆಗೆ ಬಂದು, ಅಡುಗೆಮನೆಯಲ್ಲಿ ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ಜೋಡಿಸುತ್ತಾ ಇದ್ದಾಗ, ನಾನು ಒಳಗೆ ಚಾಕು ನೋಡುತ್ತಿದ್ದ ಹೊತ್ತಿಗೇ ಅಕ್ಕ ಆ ಎರಡು ತುಂಡು ತಿಂದದ್ದು ಎಂಬುದು ಹೊಳೆಯಿತು. ಯಾರೂ ನೋಡದಿದ್ದಾಗ. ಕೈಯಲ್ಲಿದ್ದ ಕೊಳಗವನ್ನು ಸದ್ದಿಲ್ಲದೆ ಇಟ್ಟೆ.

ಆ ವಾರ ಮನೆಯಲ್ಲಿ ಕಟ್ಟಪ್ಪಣೆ ಮಾಡಿದೆ: ಅಕ್ಕನ ಕೋಣೆಯಲ್ಲಿ ಊಟ ಇಟ್ಟು ಬರುವುದು, ಹಿಂತಿರುಗಿ ನೋಡುವಂತಿಲ್ಲ. ಯಜಮಾನರು, "ಈ ಕಾನೂನು ನಿನಗೂ ಅನ್ವಯಿಸುತ್ತಾ?" ಎಂದು ಕಿಚಾಯಿಸಿದರು. ಅನ್ವಯಿಸಿತು, ಆದರೆ ಪ್ರಾಣ ಹೋಗುತ್ತಿತ್ತು. ತಟ್ಟೆ ಇಟ್ಟು ಇಳಿಯುವಾಗ ಅರ್ಧ ಮೆಟ್ಟಿಲಲ್ಲಿ ಕಾಲು ತಾನಾಗಿ ನಿಲ್ಲುತ್ತಿತ್ತು. ಶನಿವಾರ ನಾನು ಸುಶಿಯ ಸುದ್ದಿ ಎತ್ತಲಿಲ್ಲ. ಮಧ್ಯಾಹ್ನ ನೋಡಿದರೆ ಅಕ್ಕನೇ ಚಪ್ಪಲಿ ಮೆಟ್ಟಿ ಗೇಟಿನ ಹತ್ತಿರ ನಿಂತಿದ್ದಾಳೆ.

"ನಡಿ ಹೋಗೋಣ. ನೀನೂ ಒಂದು ಪ್ಲೇಟ್ ತಗೋಬೇಕು. ನಿನ್ನ ಪಾಡಿಗೆ ನೀನು ತಿನ್ನು, ನನ್ನ ಪಾಡಿಗೆ ನಾನು."

ಹಾಗೇ ಮಾಡಿದೆವು. ಇಬ್ಬರೂ ಕಿಟಕಿಯ ಹಲಗೆಗೆ ಅಕ್ಕಪಕ್ಕ ಕೂತು ರಸ್ತೆ ನೋಡುತ್ತಾ ತಿಂದೆವು. ಹೋಟೆಲಿನವಳು ಮೊದಲಿನಂತೆ ತಟ್ಟೆ ಇಟ್ಟು ಬೆನ್ನು ತಿರುಗಿಸಿ ಹೋದಳು. ಎಂಥಾ ದೊಡ್ಡ ಮರ್ಯಾದೆ ಅದು ಎಂದು ಆಗ ಅನ್ನಿಸಿತು. ನಾನೂ ಸುಶಿಯ ರುಚಿ ನೋಡಿದ್ದು ಆವತ್ತೇ. ಅನ್ನ ಅಗುಳು ಅಗುಳಾಗಿದ್ದೂ ಬಿಡಿಬಿಡಿಯಾಗಿಲ್ಲ, ಹುಳಿ ನಾಲಿಗೆಯ ತುದಿಗೆ ಮಾತ್ರ, ಒಳಗಿನ ಗೆಣಸು ಸಿಹಿ. ತಂಗಳನ್ನ ಎಂದು ಆಡಿಕೊಂಡವಳು ಎರಡನೇ ತುಂಡಿಗೆ ಸುಮ್ಮನಾದೆ. ಚೆನ್ನಾಗಿದ್ದದ್ದನ್ನು ಚೆನ್ನಾಗಿಲ್ಲ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಕೆಲವು ಶನಿವಾರ ಹೀಗೇ ಕಳೆದವು. ಅಕ್ಕ ಒಮ್ಮೆ ಮೂರು ತುಂಡು ತಿನ್ನುತ್ತಿದ್ದಳು, ಒಮ್ಮೆ ಒಂದು. ಡಾಕ್ಟರ ಹತ್ತಿರ ಹೋಗುವ ದಿನ ಬಂತು. ತಕ್ಕಡಿ ನೋಡಿ ಅವರು, ತೂಕ ಇಳಿದಿಲ್ಲ, ಏರಿಯೂ ಇಲ್ಲ, ಇನ್ನೊಂದು ತಿಂಗಳು ಕಾಯುತ್ತೇನೆ, ಆಮೇಲೆ ನಳಿಕೆಯೇ ಎಂದರು. ಆ ತಿಂಗಳು ತೂಕ ಏರಿತು, ನಳಿಕೆಯ ಮಾತೂ ನಿಂತುಹೋಯಿತು. ಈಗ ಅಕ್ಕ ಗಟ್ಟಿಯಾಗಿದ್ದಾಳೆ, ನನ್ನ ಹುಳಿಗೆ ಉಪ್ಪು ಕಮ್ಮಿ ಎನ್ನುವಷ್ಟು. ಆದರೆ ಅದೆಲ್ಲ ಆಮೇಲಿನದು. ಡಾಕ್ಟರ ಹತ್ತಿರದಿಂದ ಬಂದ ಆ ಮಧ್ಯಾಹ್ನ ನನಗೆ ಅದು ಯಾವುದೂ ಗೊತ್ತಿರಲಿಲ್ಲ.

ನೇರ ಹೋಟೆಲಿಗೇ ಹೋದೆವು. ಇಬ್ಬರ ಮುಂದೆಯೂ ತಟ್ಟೆ ಬಂತು. ನಾನು ನನ್ನದನ್ನು ಮುಟ್ಟಲಿಲ್ಲ. "ತಿನ್ನೇ, ನನ್ನ ತಾಯಿ, ನಿನ್ನ ಕಾಲಿಗೆ ಬೀಳ್ತೀನಿ, ತಿನ್ನು" ಎಂಬ ಮಾತು ಹಲ್ಲಿನ ಹಿಂದೆಯೇ ನಿಂತಿತ್ತು. ಹಲ್ಲು ಕಚ್ಚಿ ರಸ್ತೆ ನೋಡಿದೆ. ಹೂವಿನ ಗಾಡಿಯವನು ಸ್ಕೂಟರಿನವಳ ಜೊತೆ ಚೌಕಾಸಿಗೆ ಬಿದ್ದಿದ್ದ. ಪಕ್ಕದಲ್ಲಿ ಅಕ್ಕ ಅಗಿಯುತ್ತಿದ್ದಾಳೋ, ಸುಮ್ಮನೆ ಕೂತಿದ್ದಾಳೋ, ತಿರುಗಿ ನೋಡಲಿಲ್ಲ. ಕಣ್ಣು ತುಂಬಿ ಹೂವಿನ ಗಾಡಿ ಮಂಜಾಯಿತು.

ಆಗ ನನ್ನ ತಟ್ಟೆಗೆ ಒಂದು ಕೈ ಬಂತು. ತೆಳ್ಳಗಿನ, ನರ ಎದ್ದ ಕೈ. ಒಂದು ತುಂಡನ್ನು ಎತ್ತಿಕೊಂಡು ಹೋಯಿತು.

"ನಂದು ಮುಗೀತು. ನೀನು ತಿನ್ನೋ ಹಾಗೆ ಕಾಣಲ್ಲ" ಎಂದಳು ಅಕ್ಕ, ಬಾಯಿ ತುಂಬ ಅನ್ನ ಇಟ್ಟುಕೊಂಡೇ.

ತಟ್ಟೆಯನ್ನು ಅವಳ ಕಡೆ ಸರಿಸಲು ನನ್ನ ಕೈ ಎದ್ದಿತ್ತು. ಅದನ್ನು ಮಡಿಲಲ್ಲಿ ಒತ್ತಿ ಹಿಡಿದುಕೊಂಡೆ. ತಿರುಗಲಿಲ್ಲ, ರಸ್ತೆಯನ್ನೇ ನೋಡುತ್ತಾ ಕುಳಿತೆ. ಅವಳ ಕೈ ಮತ್ತೆ ಬಂತು.