ಡ್ರಮ್ಮು ತುಂಬಿತು, ಮಡಿ ತುಂಬಲಿಲ್ಲ

ಮೂರು ವರ್ಷದ ಹಿಂದಿನ ಬೇಸಿಗೆಯ ಮಾತು. ಚಳ್ಳಕೆರೆಯಲ್ಲಿ ನಾನೂ ನನ್ನ ತಮ್ಮ ಸಲೀಮನೂ ಬೋರ್‌ವೆಲ್ ಮೋಟರ್ ರಿಪೇರಿ ಅಂಗಡಿ ನಡೆಸುತ್ತಿದ್ದೆವು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಪೈಪ್ ಎತ್ತುವುದು, ಮೋಟರ್ ಬಿಚ್ಚುವುದು ನನ್ನ ಕೆಲಸ. ಸುಟ್ಟ ಮೋಟರಿಗೆ ಹೊಸ ತಾಮ್ರದ ತಂತಿ ಸುತ್ತುವ ವೈಂಡಿಂಗ್ ಅವನದು. ಇಕ್ಕಟ್ಟಿನ ಸಂದಿಯಲ್ಲಿ ತಂತಿ ಕೂರಿಸಲು ಬೆರಳು ಸೂಕ್ಷ್ಮವಾಗಿರಬೇಕು. ಸಲೀಮನ ಬೆರಳು ಹಾಗಿದ್ದವು.

ಆ ವರ್ಷ ಶಿವರಾತ್ರಿಗೆ ಮೊದಲೇ ಬಿಸಿಲು ಹೊಡೆಯತೊಡಗಿತ್ತು. ಎಲ್ಲ ಕಡೆಯಿಂದ ಒಂದೇ ದೂರು: ಮೋಟರ್ ನೀರು ಎತ್ತುತ್ತಿಲ್ಲ. ನಮ್ಮ ಪರೀಕ್ಷೆ ಸರಳ. ಪೈಪಿನ ಬಾಯಿಗೆ ಇನ್ನೂರು ಲೀಟರಿನ ಡ್ರಮ್ ಇಟ್ಟು, ಎಷ್ಟು ಹೊತ್ತಿಗೆ ತುಂಬುತ್ತದೆ ನೋಡುತ್ತೇವೆ. ಡ್ರಮ್ ಹಿಂದಿನಂತೆಯೇ ತುಂಬುತ್ತಿತ್ತು. ಈರುಳ್ಳಿ ಮಡಿ ತುಂಬುತ್ತಿರಲಿಲ್ಲ. ರಾಂಪುರದ ಹತ್ತಿರ ಒಂದು ಹೊಲದಲ್ಲಿ ಮಣ್ಣು ಕೆದಕಿದೆ. ಹಿಂದಿನ ದಿನ ನೀರು ಕಟ್ಟಿದ ಮಡಿ ಬೆರಳುದ್ದದ ಆಳಕ್ಕೆ ಒಣಗಿತ್ತು. ಬಿಸಿಲು ಏರಿದರೆ ನೆಲದ ನೀರು ಬೇಗ ಆರುತ್ತದೆ, ಗಿಡವೂ ಎಲೆಯಿಂದ ಹೆಚ್ಚು ನೀರು ಬಿಡುತ್ತದೆ. ಬೋರು ಅದೇ, ಬೆಳೆ ಅದೇ, ಬಾಯಾರಿಕೆ ಮಾತ್ರ ದೊಡ್ಡದು. "ಯಾರೂ ಕದ್ದಿಲ್ಲ ಕಣ್ರಿ, ಬಿಸಿಲು ಕುಡೀತೈತೆ" ಎಂದು ಆ ರೈತನಿಗೆ ನಾನೇ ಹೇಳಿದ್ದೆ. ಅಂದರೆ, ನನಗೆ ಗೊತ್ತಿತ್ತು.

ಆಮೇಲೆ ಪರಶುರಾಂಪುರದ ಕಡೆಯಿಂದ ಕರೆ ಬಂತು. ದಾಯಾದಿಗಳಾದ ಪಾಲಯ್ಯ ಮತ್ತು ಓಬಣ್ಣ ಒಂದೇ ಬೋರಿನ ನೀರನ್ನು ದಿನ ಬಿಟ್ಟು ದಿನ ಸರದಿಯಲ್ಲಿ, ವಾಲ್ ತಿರುಗಿಸಿ ತಮ್ಮ ತಮ್ಮ ಹೊಲಕ್ಕೆ ಕಟ್ಟುತ್ತಿದ್ದರು. ಪಾಲಯ್ಯನ ಹೊಲ ದೂರ. ಈರುಳ್ಳಿ ಗೆಡ್ಡೆ ಕಟ್ಟುವ ಹೊತ್ತಿನಲ್ಲಿ ಅವನ ಕೊನೆಯ ಮಡಿಗಳಿಗೆ ನೀರೇ ಮುಟ್ಟುತ್ತಿರಲಿಲ್ಲ.

"ಹೋದ ತಿಂಗಳು ನೀವೇ ಕಟ್ಟಿದ ಮೋಟರ್ ಸಾಬ್ರೆ. ಕಳಪೆ ತಂತಿ ತುರುಕೀರಾ?" ಎಂದ.

ಡ್ರಮ್ ಇಟ್ಟೆವು. ತುಂಬಿತು.

"ನೋಡ್ರಿ ಪಾಲಣ್ಣ, ನಿಮ್ಮ ಬಾಯಿಗಿಂತ ಜೋರಾಗಿ ಓಡ್ತೈತೆ" ಎಂದು ಸಲೀಮ್ ನಕ್ಕ.

"ಹಂಗಾದ್ರೆ ನನ್ನ ನೀರು ಎಲ್ಲಿ ಹೋಗ್ತೈತೆ?"

ಉತ್ತರ ನನ್ನ ಬಾಯಲ್ಲಿತ್ತು. ಬಿಸಿಲಿನ ಮಾತೆತ್ತಿದರೆ, ಕೆಟ್ಟ ರಿಪೇರಿ ಮುಚ್ಚಲು ನಾನು ನೆವ ಹೇಳುತ್ತಿದ್ದೇನೆ ಅಂದಾನು ಎನಿಸಿತು. ನನ್ನ ಕೆಲಸದ ಹೆಸರು ಉಳಿದರೆ ಸಾಕಾಗಿತ್ತು.

"ಮೋಟರ್ ಸರಿ ಐತೆ. ನೀರು ಎಲ್ಲಿ ಹೋಗ್ತೈತೋ ನಿಮ್ಮ ನಿಮ್ಮಲ್ಲೇ ನೋಡ್ಕಳ್ರಿ" ಎಂದುಬಿಟ್ಟೆ.

ಬೋರಿನ ಬಳಿ ನಿಂತಿದ್ದ ಓಬಣ್ಣನತ್ತ ಪಾಲಯ್ಯ ತಿರುಗಿದ. "ಕೇಳಿದೇನಲೇ? ನನ್ನ ಸರದೀಲಿ ವಾಲ್ ತಿರುವೋ ಕಳ್ಳ ನೀನೇ!"

"ಕಳ್ಳ ಅಂದ್ರೆ ನಾಲಿಗೆ ಕೀಳ್ತೀನಿ! ನನ್ನ ಮಡೀನೂ ಸಾಯ್ತಾ ಐತೆ, ಬಂದು ನೋಡಲೇ!"

ಯಾರೂ ನೋಡಲು ಹೋಗಲಿಲ್ಲ. ಪಾಲಯ್ಯ ಅವನ ಕೊರಳಪಟ್ಟಿಗೆ ಕೈ ಹಾಕಿದ. ಓಬಣ್ಣ ಕೈಲಿದ್ದ ಸನಿಕೆಯ ಮರದ ಕಾವಿನಿಂದ ಅವನ ಬಾಯಿಗೆ ಬಾರಿಸಿದ. ಪಾಲಯ್ಯ ರಕ್ತದ ಜೊತೆ ಹಲ್ಲು ಉಗುಳಿ, ನನ್ನ ಕಾಲ ಬಳಿ ಬಿದ್ದಿದ್ದ, ಪೈಪ್ ಬಿಚ್ಚುವ ಕಬ್ಬಿಣದ ಪಾನವನ್ನು ಎತ್ತಿಕೊಂಡ. ಮೊದಲ ಏಟಿಗೆ ಓಬಣ್ಣನ ಹೆಗಲ ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಅವನು ಬೋರಿನ ಕಬ್ಬಿಣದ ಪೈಪಿಗೆ ತಲೆ ಆನಿಸಿ ಕುಸಿದ. ಪಾಲಯ್ಯ ಅದೇ ತಲೆಗೆ ಗುರಿ ಇಟ್ಟು ಪಾನ ಎತ್ತಿದ.

"ಬಿಡ್ರಿ ಪಾಲಣ್ಣ, ಸಾಯ್ತಾನೆ!" ಎನ್ನುತ್ತ ಸಲೀಮ್ ನುಗ್ಗಿ ಬಲಗೈ ಅಡ್ಡ ಹಿಡಿದ. ಏಟು ತಲೆಯ ಪಕ್ಕದ ಪೈಪಿಗೆ ಜಾರಿತು. ಕೆಳಗೆ ಕಬ್ಬಿಣ, ಮೇಲೆ ಕಬ್ಬಿಣ. ನಡುವೆ ಅವನ ಬೆರಳುಗಳು ಜಜ್ಜಿಹೋದವು.

"ಭಾಯ್! ಮೇರಾ ಹಾತ್!"

ನಾನು ನಿಂತೇ ಇದ್ದೆ. ಮೋಟರ್ ಓಡುತ್ತಲೇ ಇತ್ತು, ಡ್ರಮ್ ತುಂಬಿ ಹರಿಯುತ್ತಿತ್ತು.

ಓಬಣ್ಣ ಬದುಕಿಕೊಂಡ. ಪಾಲಯ್ಯ ಜೈಲು ಕಂಡ. ಸಲೀಮನ ಮೂರು ಬೆರಳನ್ನು ಡಾಕ್ಟರು ತೆಗೆದರು. ಪೊಲೀಸರ ಮುಂದೆ "ಮೋಟರ್ ಸರಿ ಇತ್ತು" ಎಂದೆ. ಸುಳ್ಳಲ್ಲ. ಆ ಬೇಸಿಗೆ ಇಬ್ಬರ ಈರುಳ್ಳಿಯೂ ಒಣಗಿತು, ಓಬಣ್ಣ ಕದ್ದಿರಲಿಲ್ಲ.

ಈಗ ಡ್ರಮ್ ತುಂಬಿದ ಮೇಲೆ ಹೊಲದ ಕೊನೆಯ ಮಡಿಗೆ ನಡೆದುಹೋಗಿ ಮಣ್ಣಿಗೆ ಕೈ ಹಾಕಿ ನೋಡುತ್ತೇನೆ. ರೈತನಿಗೂ ತೋರಿಸುತ್ತೇನೆ. ಮೋಟರಿನ ಲೆಕ್ಕ ಬೇರೆ, ಬೆಳೆಯ ಲೆಕ್ಕ ಬೇರೆ. ಈ ಕೆಲಸ ನನಗೆ ಕಲಿಸಿದ್ದು ಇಷ್ಟು.

ಈಗ ವೈಂಡಿಂಗ್ ನಾನು ಮಾಡುತ್ತೇನೆ, ಸಲೀಮ್ ಪಕ್ಕದಲ್ಲಿ ಕೂತು ನೋಡುತ್ತಾನೆ. "ಸುತ್ತು ಸಡಿಲ ಆಯ್ತು ಭಾಯ್, ಬಿಚ್ಚು" ಎನ್ನುತ್ತಾನೆ. ಅಂದಿನದು ಆ ಇಬ್ಬರ ಸಿಟ್ಟಿನಿಂದ ಆದದ್ದು ಎಂದೇ ನಂಬಿದ್ದಾನೆ; ಉತ್ತರ ಗೊತ್ತಿದ್ದೂ ನುಂಗಿಕೊಂಡೆ ಎಂದು ನಾನು ಅವನಿಗೆ ಇನ್ನೂ ಹೇಳಿಲ್ಲ. ಅವನು ನನಗಿಂತ ಹೆಚ್ಚು ಓದಿದವನು. ಅಂಗಡಿಗೆ ಬರುವ ಪೇಪರನ್ನು ದಿನಾ ಗಟ್ಟಿಯಾಗಿ ಓದುವವನು ಅವನೇ; ಇದು ಅಚ್ಚಾದ ದಿನ ಇದನ್ನೂ ನನಗೆ ಓದಿ ಹೇಳುವವನು ಅವನೇ.